ಸೀಟು

ಇಳಕಲ್ಲಿನ ಸೈಬರ್ ಅಂಗಡಿ. ಇನ್ನೊಂದು ತಾಸು.
ನನ್ನ ರ‍್ಯಾಂಕಿಗೆ ಚರ್ಮರೋಗವೂ ಸಿಗುತ್ತಿತ್ತು.

‘ಚರ್ಮ ತಗೋ ಬನಶ್ರೀ,’ ಅಂದ ಅಪ್ಪ,
‘ತುರಿಕಿ ಅಂತ ಮಂದಿ ಹಾಡಹಗಲ ಬರತಾರ.
ನಿನ್ನ ಕಡೆ ಬರವರು
ಮಾರಿ ಮುಚಗೊಂಡು, ಕತ್ತಲಾದ ಮ್ಯಾಲ.’

ಅಂಗಡಿಯ ಹುಡುಗ ಮೌಸು ನನ್ನತ್ತ ಸರಿಸಿದ.
ನನಗೆ ಕಂಡದ್ದು ಅಪ್ಪನ ಬೆರಳು,
ಉಗುರಲ್ಲಿ ಇನ್ನೂ ಕೆಂಬಣ್ಣ.
ಒಡಲಿನ ಎಳೆಗೆ ಸೆರಗಿನ ಎಳೆ
ಕೊಂಡಿ ಹಾಕುವಾಗ
ಹರಿದದ್ದನ್ನು ಜಗ್ಗುವುದಿಲ್ಲ ಅವು,
ತುದಿ ಸಿಗುವ ತನಕ ಕಾಯುತ್ತವೆ.

ಒತ್ತಿದೆ. ಮನೋವೈದ್ಯ.

ಮೂರು ದಿನ ಮನೆಯಲ್ಲಿ ಮಗ್ಗದ್ದೇ ಮಾತು.
ನಾಲ್ಕನೆಯ ರಾತ್ರಿ
ಲಾಳಿ ಬಿಟ್ಟು ಕುಣಿಯಿಂದೆದ್ದು ಬಂದ,
ಬಾಗಿಲು ಮುಂದಕ್ಕೆ ಮಾಡಿದ,
ದೀಪ ಆರಿಸಿದ.

‘ಎರಡು ವರ್ಷ ಆತವಾ, ನಿದ್ದಿ ಹತ್ತವಲ್ದು.’