ಇಪ್ಪತ್ತೆಂಟು ಚಿತ್ರ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡ್ ಎದುರು, ಬೇಕರಿಯ ಮೇಲೆ
ನನ್ನ ಅಂಗಡಿ: ಒಂದು ಟೀವಿ, ಒಂದು ಹಳೇ ಆಟದ ಪೆಟ್ಟಿಗೆ,
ಪರದೆಯ ಕೆಳಗೆ ಅಂಟಿಸಿದ ಕಪ್ಪು ಪಟ್ಟಿ, ಅದೇ ಅದರ ಕಣ್ಣು.
ಹತ್ತು ನಿಮಿಷಕ್ಕೆ ಇಪ್ಪತ್ತು ರೂಪಾಯಿ.
ಕೆಳಗೆ ಬನ್ನು ಬೇಯುವ ಹೊತ್ತಿಗೆ ಮೇಲೆ
ಹುಡುಗರ ಬೆವರಿಗೂ ಯೀಸ್ಟಿನ ವಾಸನೆ.

ಕೈಯಲ್ಲಿ ರಿಮೋಟು, ಅದೇ ಬ್ಯಾಟು.
ಬೀಸಿದರೆ ಪರದೆಯೊಳಗಿನ ಗಿಡ್ಡ ಮನುಷ್ಯ
ಬೀಸಬೇಕು.
ಬೀಸುತ್ತಾನೆ, ಇಲ್ಲವೆನ್ನಲಾರೆ.
ಆದರೆ ಹೊರಗಿಂದ ಯಾರೋ ಕೂಗಿದಾಗ
ಚಪ್ಪಲಿ ಹುಡುಕಿ ಬರುವವನ ಹಾಗೆ.
ಅಷ್ಟರಲ್ಲಿ ಚೆಂಡು ಅವನ ಕಿವಿ ದಾಟಿರುತ್ತದೆ.
"ಥೂ, ಸೋಂಬೇರಿ!"
ನಾನು ಚಿಲ್ಲರೆ ಎಣಿಸುತ್ತೇನೆ, ತಲೆ ಎತ್ತದೆ.

ನನ್ನ ಹೆಸರು ಮೊಯಿದು.
ಬರೆಯುವಾಗ ಒಂದೇ ಏಟಿಗೆ ಬಂತು ನೋಡಿ.
ಬಾಯಲ್ಲಿ ಅದು ಮ, ಮ, ಮ, ಎಂದು
ತುಟಿಯ ಹೊಸ್ತಿಲಲ್ಲೇ ನಿಲ್ಲುತ್ತದೆ.
"ಮಾದಪ್ಪನಾ? ಮುತ್ತಣ್ಣನಾ? ಮಹಮ್ಮದಾ?"
ಒಳ್ಳೆಯವರು, ಕೈ ಕೊಟ್ಟು ಎಳೆಯುತ್ತಾರೆ.
ಒಮ್ಮೆ ಬ್ಯಾಂಕಿನಲ್ಲಿ ಮಾದಪ್ಪ ಎಂದೇ ಒಪ್ಪಿಕೊಂಡು
ಟೋಕನ್ ಹಿಡಿದು ಅರ್ಧ ಗಂಟೆ ಕೂತಿದ್ದೆ.

ದೇಚಮ್ಮ ಬಂದದ್ದು ಕಾಫಿ ಕೊಯ್ಲು ಮುಗಿದ ವಾರ.
ಪೊನ್ನಂಪೇಟೆಯ ಹಾಸ್ಟೆಲಿನ ಗೋಲ್‌ಕೀಪರ್,
ಮೊಣಕಾಲಿಗೆ ಪಟ್ಟಿ, ಆರು ವಾರ ಓಡುವಂತಿಲ್ಲ.
ಸ್ಟೂಲಿನ ಮೇಲೆ ಕೂತೇ ನಾಲ್ಕು ಸಲ ಬೀಸಿದಳು.
ಬೈಯಲಿಲ್ಲ. "ಎಷ್ಟು ತಡ ಇದು?" ಎಂದಳು,
ವಿರಾಜಪೇಟೆ ಎಷ್ಟು ದೂರ ಎಂದು ಕೇಳುವ ಹಾಗೆ.

ಫೋನನ್ನು ಬಿಸ್ಕೆಟ್ ಡಬ್ಬಿಗೆ ಒರಗಿಸಿ
ಕೈಯೂ ಪರದೆಯೂ ಒಟ್ಟಿಗೆ ಕಾಣುವಂತೆ
ನಿಧಾನಗತಿಯಲ್ಲಿ ಹಿಡಿದಳು.
ಆಮೇಲೆ ಒಂದೊಂದೇ ಚಿತ್ರ ಸರಿಸುತ್ತ ಎಣಿಸಿದೆವು.
ಅವಳ ಕೈ ಎದ್ದದ್ದು ಇಲ್ಲಿ. ಅವನದು
ಇಪ್ಪತ್ತೆಂಟು ಚಿತ್ರಗಳ ಆಚೆ.
ರೆಪ್ಪೆ ಬಡಿಯುವುದರೊಳಗೆ ಮುಗಿಯುವ ಲೆಕ್ಕ.
ಅದೇ ತುಣುಕಿನ ಮೂಲೆಯಲ್ಲಿ ನಾನಿದ್ದೆ,
ಏನೋ ಹೇಳಲು ಬಾಯಿ ತೆರೆದು.
ಎಣಿಸಬಹುದಿತ್ತು. ಅವಳು ಎಣಿಸಲಿಲ್ಲ.

ಆ ರಾತ್ರಿ ಟೀವಿಯ ಹೊಟ್ಟೆಯೊಳಗೆ
ಮೆನುವಿನಿಂದ ಮೆನುವಿಗೆ ಇಳಿದೆ.
ಬೈಸಿಕೊಂಡವನು ಗಿಡ್ಡ; ತಡ ಟೀವಿಯದು.
ಪ್ರತಿ ಚಿತ್ರವನ್ನೂ ಬಾಗಿಲಲ್ಲಿ ತಡೆದು
ಪೌಡರು ಬಳಿದು, ಅಂಚು ನೇವರಿಸಿ,
ಆಮೇಲೆ ಹೊರಗೆ ಕಳಿಸುತ್ತಿತ್ತು ಅದು.
ಆ ಶೃಂಗಾರವನ್ನೆಲ್ಲ ಬಂದ್ ಮಾಡಿದೆ.
ಹುಲ್ಲು ಒರಟಾಯಿತು, ಚೆಂಡಿನ ಸುತ್ತ ಗರಗಸದ ಹಲ್ಲು.
ಗಿಡ್ಡ ಮಾತ್ರ
ನನ್ನ ತೋಳಿನೊಳಗೇ ಮಲಗಿದ್ದವನು ಎದ್ದಂತೆ ಎದ್ದ.

ಮರುದಿನ ಹುಡುಗರೆಲ್ಲ ಸೋತರು.
ಇಷ್ಟು ದಿನ ಚೆಂಡಿಗಿಂತ ಮೊದಲೇ ಬೀಸಿ ಬೀಸಿ
ತಡವನ್ನೇ ಬಾಯಿಪಾಠ ಮಾಡಿದ್ದ ಕೈಗಳು.
"ಮೊದಲೇ ಚೆನ್ನಾಗಿತ್ತು, ಹಾಳು ಮಾಡಿದ್ರಿ."
ದೇಚಮ್ಮನೂ ಮೂರು ಚೆಂಡು ಬಿಟ್ಟಳು, ನಕ್ಕಳು.
ನಾಲ್ಕನೆಯದಕ್ಕೆ ಕಾದಳು.
ಅಷ್ಟೇ, ಕಾದಳು.
ತಗುಲಿತು.

ಕತ್ತಲಾದ ಮೇಲೆ ಊರಾಚೆಯ ತೋಟದಲ್ಲಿ
ಆನೆ ಓಡಿಸುವ ಪಟಾಕಿ.
ಕಿಟಕಿಯಲ್ಲಿ ಮೊದಲು ಬೆಳಕು.
ಶಬ್ದ ಇನ್ನೂ ದಾರಿಯಲ್ಲಿತ್ತು,
ಇಬ್ಬರೂ ಅದಕ್ಕೆ ಜಾಗ ಬಿಟ್ಟು ಕೂತೆವು.
ಬಂತು.

ವಾರದ ದುಡ್ಡು ಎಣಿಸಿಟ್ಟು,
ಅಪ್ಪನಿಗೆ ತೋರಿಸುವ ಲೆಕ್ಕದ ಪುಸ್ತಕ ತೆಗೆದು
"ಯಾರಿಗೆ ಕೊಟ್ಟೆ ಅಂತ ಬರೀಲಿ?" ಎಂದಳು.
ಮ, ಎಂದೆ.
ಪೆನ್ನು ಹಾಳೆಯ ಮೇಲೆ, ತಗುಲದೆ, ನಿಂತಿತ್ತು.
ಕೆಳಗೆ ಒಲೆಯಿಂದ ತಟ್ಟೆ ಎಳೆದ ಸದ್ದು.
ಮ, ಎಂದೆ.
ಪೆನ್ನು ಹಾಗೇ.