ದೊಸಿಂದಾಳ ಅಳತೆ

ಅಡುಗೆಮನೆಯ ಗೋಡೆಯಲ್ಲಿ
ಸಂತ ರೋಕನ ಪಟಕ್ಕಿಂತ ಒಂದು ಮೊಳೆ ಮೇಲೆ
ಉಬ್ಬರ ಇಳಿತದ ಪಟ್ಟಿ ತೂಗುತ್ತಿತ್ತು.
ಸಂಘದವರು ವರ್ಷಕ್ಕೊಮ್ಮೆ ಕೊಡುವ ತೆಳು ಕಾಗದ,
ಅಂಚಿಗೆ ಎಣ್ಣೆಯ ಕಲೆ, ಮೈತುಂಬ ಪೆನ್ಸಿಲ್ಲಿನ ಗೀರು.
ಅದು ಹೇಳಿದಾಗ ನಮ್ಮ ಮನೆಯಲ್ಲಿ ಬೆಳಗು,
ಒಮ್ಮೆ ಆರಕ್ಕೆ, ಒಮ್ಮೆ ಹತ್ತಕ್ಕೆ.
ಚಂದ್ರ ಎಳೆದ ಕಡೆಗೆ ನಮ್ಮ ಊಟ, ನಮ್ಮ ನಿದ್ದೆ.

ಅಜ್ಜಿ ದೊಸಿಂದಾ ಕುಳ್ಳಿ.
ಗೋರುಕೋಲಿನ ಹಿಡಿಯನ್ನು ತನ್ನ ಭುಜಕ್ಕೆ ತಕ್ಕಂತೆ ಕೊಯ್ಸಿಕೊಂಡಿದ್ದಳು;
ಬೇರೆ ಯಾರು ಅದನ್ನು ಹಿಡಿದರೂ ಸೊಂಟ ಹಿಡಿಯುತ್ತಿತ್ತು.
ರಬ್ಬರ್ ಬೂಟು, ಎರಡು ಬಕೆಟ್ಟು, ತಲೆಗೆ ಬಿಗಿದ ಹೂವಿನ ವಸ್ತ್ರ.
ಅರೋಸಾದ ಅಳಿವೆಯಲ್ಲಿ ನೀರು ಹಿಂದೆ ಸರಿದಷ್ಟೂ
ಮುಂದೆ ಹೋಗುವ ಮೂವತ್ತು ಹೆಂಗಸರಲ್ಲಿ
ಅವಳ ಬೆನ್ನು ಯಾವುದೆಂದು
ದಂಡೆಯಲ್ಲಿ ನಿಂತೇ ಹೇಳುತ್ತಿದ್ದೆ:
ಎಲ್ಲಕ್ಕಿಂತ ಕೆಳಗೆ ಬಾಗಿದ್ದು.

ಕೊರಳಿನ ದಾರದಲ್ಲಿ ಒಂದು ಹಿತ್ತಾಳೆಯ ಉಂಗುರ,
ಆಭರಣವಲ್ಲ, ಅಳತೆ.
ಚಿಪ್ಪಿ ಅದರೊಳಗೆ ತೂರಿ ಬಿತ್ತೋ, ಎಳೆಯದು,
ವಾಪಸು ಮರಳಿಗೆ.
ತಡೆಯಿತೋ, ಬಕೆಟ್ಟಿಗೆ.
ಉಳಿದವರಿಗೆ ಅದು ಕಾನೂನು, ಅವಳಿಗೆ ಸ್ವಭಾವ.
ಪಕ್ಕದ ಮನೆಯ ಎರ್ಮಿಟಾಸ್
ಹನ್ನೊಂದು ವರ್ಷ ಮಾತು ಬಿಟ್ಟದ್ದು ತೂರಿ ಬಿತ್ತು.
ನಾನು ಅವಳ ಪರ್ಸಿನಿಂದ ಕದ್ದ ನಾಣ್ಯ ತೂರಿ ಬಿತ್ತು.
ಕದ್ದಿಲ್ಲ ಎಂದೆನಲ್ಲ, ಅದು ತಡೆಯಿತು.
ಆ ವಾರವಿಡೀ ಅವಳ ಬಕೆಟ್ಟು ನಾನು ಹೊತ್ತೆ.

ಅಜ್ಜ ಇಸೋಲಿನೊ ಕಾಡ್ ಮೀನಿನ ಹಡಗಿನವನು,
ಮನೆಗೆ ವರ್ಷಕ್ಕೆರಡು ತಿಂಗಳ ನೆಂಟ.
ಮೂವರು ಮಕ್ಕಳ ಶಾಲೆ, ಸೂರಿನ ಹಂಚು,
ಅಮ್ಮನ ಹೊಲಿಗೆ ಯಂತ್ರ, ಕೊನೆಗೆ ಅಜ್ಜನ ಹಲ್ಲುಸೆಟ್ಟು ಕೂಡ
ಆ ಕೆಸರಿನಿಂದ ಒಂದೊಂದಾಗಿ ಕೆದಕಿ ತೆಗೆದದ್ದು.
ಚಿಪ್ಪಿ ನಾವು ತಿಂದದ್ದು ಕ್ರಿಸ್ಮಸ್ಸಿಗೆ ಮಾತ್ರ.
ಉಳಿದ ದಿನ ಎಲೆಕೋಸು, ಆಲೂಗಡ್ಡೆ.
"ಅದು ಮ್ಯಾಡ್ರಿಡ್‌ನವರ ಬಾಯಿಗೆ" ಎನ್ನುವಳು,
ದೂರಿನ ದನಿಯಲ್ಲಲ್ಲ, ವಿಳಾಸ ಹೇಳುವಂತೆ.

ಜ್ವರದ ರಾತ್ರಿ ಹಣೆಯ ಮೇಲಿಟ್ಟ ಆ ಕೈ
ಒದ್ದೆಬಟ್ಟೆಗಿಂತ ತಣ್ಣಗಿತ್ತು ಎನ್ನುತ್ತಾಳೆ ಅಮ್ಮ.
ನನಗೆ ಕಾಲುಚೀಲದ ನೆನಪು.
ಶಾಲೆಯ ಹೊತ್ತಿಗೆ ಒಲೆಯ ಬಾಗಿಲಿಗೆ ಸಿಕ್ಕಿಸಿ
ಬೆಚ್ಚಗೆ ಮಾಡಿಟ್ಟಿರುತ್ತಿದ್ದಳು, ನನ್ನದು, ತಂಗಿಯದು.
ಅವಳ ಬೂಟು ಹೊರಗೆ ಮೆಟ್ಟಿಲ ಮೇಲೆ,
ಒಳಗೆ ಹಿಮದ ಹಾಳೆ ಕಟ್ಟಿಕೊಂಡು.

ಸತ್ತದ್ದು ಮಾರ್ಚಿನಲ್ಲಿ, ದೊಡ್ಡ ಇಳಿತದ ವಾರ.
ಪಾದ್ರಿ ಹನ್ನೊಂದು ಗಂಟೆಗೆ ಎಂದರು.
ಅಮ್ಮ ಗೋಡೆಯ ಪಟ್ಟಿಯ ಮೇಲೆ ಬೆರಳಿಟ್ಟು
"ಹನ್ನೊಂದಕ್ಕೆ ನೀರು ಪೂರ್ತಿ ಇಳಿದಿರುತ್ತದೆ, ಐದಕ್ಕೆ ಇಡಿ" ಎಂದಳು.
ಪಾದ್ರಿ ಹೊರಗಿನವರು, ಅರ್ಥವಾಗಲಿಲ್ಲ, ಒಪ್ಪಿದರು.
ಪೆಟ್ಟಿಗೆ ಕಾಯಿತು.
ಹಗಲು ಅಷ್ಟು ಹೊತ್ತು ಅವಳು ಮಲಗಿದ್ದು ಅದೇ ಮೊದಲು.

ಐದಕ್ಕೆ ಬಂದರು ಇಪ್ಪತ್ತೊಂಬತ್ತು ಹೆಂಗಸರು.
ಕೆಲವರು ಬೂಟಿನಲ್ಲೇ. ಇಗರ್ಜಿಯ ಕಲ್ಲುನೆಲದ ಮೇಲೆ ಮರಳು.
ಎರ್ಮಿಟಾಸ್ ಮೊದಲ ಸಾಲಿನಲ್ಲಿ ಕೂತು
ಪ್ರಾರ್ಥನೆಯ ನಡುವೆ ಜೋರಾಗಿ ಮೂಗು ಸೀಟಿದಳು.
ಆಮೇಲೆ ಅಂಗಳದಲ್ಲಿ ಅಮ್ಮನ ಕೈಗೆ ಒಂದು ಒದ್ದೆ ಚೀಟಿ ಕೊಟ್ಟಳು.
ಆ ದಿನದ ತೂಕದಲ್ಲಿ ಅವಳ ಹೆಸರಿಗೂ ಒಂದು ಪಾಲು ಹಾಕಿಸಿದ್ದರು:
ದೊಸಿಂದಾ, ಐದು ಕಿಲೋ.
ಅಲ್ಲಿಯವರೆಗೆ ಅಮ್ಮ ಅತ್ತಿರಲಿಲ್ಲ.

ನಾನು ಬಸ್ಸು ಓಡಿಸುವವನು.
ನನಗೆ ಬೇರೆ ವೇಳಾಪಟ್ಟಿ, ಸಮುದ್ರ ಅದರಲ್ಲಿ ಎಲ್ಲೂ ನಿಲ್ಲುವುದಿಲ್ಲ.
ಆದರೂ ಡಿಸೆಂಬರಿನಲ್ಲಿ ಸಂಘದ ಬಾಗಿಲಿಗೆ ಹೋಗಿ
ಒಂದು ಕಾಗದ ಕೇಳಿ ತರುತ್ತೇನೆ,
ಹಳೆಯ ಮೊಳೆಗೇ ಸಿಕ್ಕಿಸುತ್ತೇನೆ.
ರಾತ್ರಿ ದೀಪ ಆರಿಸುವ ಮುನ್ನ ಸುಮ್ಮನೆ ನೋಡುತ್ತೇನೆ.

ನಾಳೆ, ಏಳು ಇಪ್ಪತ್ತಕ್ಕೆ.