ಎಲ್ಲರದು, ನನ್ನದು

ಗುಳೇದಗುಡ್ಡದ ನೇಕಾರರ ಸೊಸಾಯಿಟಿಗೆ
ಒಂದೇ ಕಂಪ್ಯೂಟರು. ಕೂಡುವವರು ಮೂವರು:
ಸೆಕ್ರೆಟರಿ ರಾಚಪ್ಪನವರು, ನಕ್ಷೆ ತೆಗೆಯುವ ಹಸನಸಾಬರು,
ಲೆಕ್ಕ ಬರೆಯುವ ನಾನು.
ಮೂರು ಹೆಸರು, ಮೂರು ಪಾಸ್‌ವರ್ಡು,
ಮೂರೂ ಕ್ಯಾಲೆಂಡರಿನ ಬೆನ್ನಿಗೆ, ರಾಚಪ್ಪನವರ ದುಂಡಕ್ಷರದಲ್ಲಿ.

ಬಾಗಲಕೋಟೆಯಿಂದ ಜೋಡಿಸಲು ಬಂದ ಹುಡುಗ
ಚಹಾ ಆರಿಸಿಕೊಳ್ಳುತ್ತ ಹೇಳಿದ:
"ಅಕ್ಕಾರ, ಕಣ್ಣಿಗೆ ಒಂದ ಡೆಸ್ಕ್‌ಟಾಪ್ ಕಾಣತೈತಿ,
ಇರೋವು ಎರಡು.
ಒಂದು ಎಲ್ಲಾರದು, ಒಂದು ನಿಮ್ಮದು,
ಒಂದರ ಮ್ಯಾಲೊಂದು ಹಾಸಿರತೈತಿ. ಮೆನೂನೂ ಹಂಗ.
ಯಾವುದು ಯಾವುದರಾಗ ಐತಿ ಅಂತ
ನೋಡಿದ್ರ ತಿಳಿಯಂಗಿಲ್ಲ, ಅಳಿಸಿದ್ರ ತಿಳೀತೈತಿ."

ನಮ್ಮ ಪಡಸಾಲೆಯ ಗೂಟಗಳಂತೆ, ಅಂದುಕೊಂಡೆ.
ಯಾರ ವಲ್ಲಿ, ಯಾರ ಚೀಲ, ಕೇಳುವವರಿಲ್ಲ.

ಆ ತಿಳಿವು ಶನಿವಾರದ ತನಕವೂ ಬಾಳಲಿಲ್ಲ.
ಪರದೆ ಕಸವಾಯಿತೆಂದು ಗುಡಿಸಿದೆ:
ಇಸ್ಪೀಟಿನಾಟ, ಪ್ರಿಂಟರಿನ ಜಾಹೀರಾತು,
ಹೆಸರು ನೆನಪಿಲ್ಲದ ಒಂದು ಹಳದಿ ಗುರುತು.
ಅಡ್ಮಿನ್ ಅನುಮತಿ ಬೇಕು ಎಂದಿತು.
ಕ್ಯಾಲೆಂಡರು ತಿರುವಿದೆ.

ಸೋಮವಾರ ಕೂಲಿಯ ದಿನ.
ಮೂವರ ಪರದೆಯಲ್ಲೂ ಕೂಲಿಪಟ್ಟಿ ಇಲ್ಲ.
ಕಟ್ಟೆಯ ಮೇಲೆ ನಲವತ್ತು ಜನ. ಶಿವಗಂಗವ್ವ
ಮಗ್ಗದಿಂದ ಎದ್ದು ಬಂದವಳು, ಕೂದಲಲ್ಲಿನ್ನೂ ನೂಲಿನ ಎಳೆ,
"ಕಂಪ್ಯೂಟರ್ ಉಂಡತೇನು ನಮ್ಮ ರೊಕ್ಕ?"
ಫೋನಿನಲ್ಲಿ ಹುಡುಗ ನಕ್ಕ:
"ಬಾಗಲ ಕಿತ್ತೀರಿ ಅಕ್ಕಾರ. ಮನಿ ಎಲ್ಲೂ ಹೋಗಿಲ್ಲ."

ಬಾಗಿಲು ಮತ್ತೆ ಕೂಡಿಸಿದೆ.
ಎಲ್ಲರದರ ತಂಟೆಗೆ ಆಮೇಲೆ ಹೋಗಲಿಲ್ಲ.

ನನ್ನದರಲ್ಲಿ ಒಂದು ಬೆಳೆಯುತ್ತಿತ್ತು.
ಊಟದ ಬಿಡುವಿನಲ್ಲಿ, ರೊಟ್ಟಿಯ ಕೈ ಒರೆಸಿಕೊಂಡು,
ಲೆಕ್ಕದ ಹಾಳೆಯ ಚೌಕಗಳಿಗೇ ಬಣ್ಣ ತುಂಬಿ ತುಂಬಿ
ಖಣಕ್ಕೊಂದು ಬುಟ್ಟಾ: ಕುಸುಬೆಯ ಹೂ.
ಕುಸುಬೆಗೆ ಎಸಳೆಷ್ಟೆಂದು ಯಾರು ಎಣಿಸಿದ್ದಾರೆ,
ಏಳಿಟ್ಟೆ.
ಹಸನಸಾಬರಿಗೆ ತೋರಿಸಲು ನಾಚಿಕೆ.
ಗ್ರಾಫಿನ ಹಾಳೆಯಲ್ಲಿ ಕಣ್ಣು ಸವೆಸಿದ ಜೀವ ಅದು;
ನಾನು ಕೂಡಿಸುವ, ಕಳೆಯುವ ಹೆಂಗಸು.

ಎಂಟು ತಿಂಗಳು.
ಒಂದು ಸಂಜೆ, ಕರೆಂಟು ಹೋಗುವ ಮೊದಲು,
ಅಲ್ಲಿಂದ ಎಳೆದು ಎಲ್ಲರದರಲ್ಲಿ ಬಿಟ್ಟೆ.
ಬೆರಳೆತ್ತಿದೆ, ಅಷ್ಟೆ.

ಬೆಳಿಗ್ಗೆ ರಾಚಪ್ಪನವರು: "ಇದ್ಯಾರದು?"
ಹಸನಸಾಬರು ಕನ್ನಡಕ ಹಣೆಗೇರಿಸಿ
ಬಹಳ ಹೊತ್ತು ನೋಡಿ
"ಎಲ್ಲಾರದರಾಗ ಐತಲ್ರಿ" ಅಂದರು.
ನಾನು ಒಂಬತ್ತನೆಯ ಮಗ್ಗದ ಬಾಕಿ ಕೂಡಿಸುತ್ತಿದ್ದೆ.
ಮೊತ್ತ ತಪ್ಪಿತು. ಮತ್ತೆ ಕೂಡಿಸಿದೆ, ಮತ್ತೆ ತಪ್ಪಿತು.

ಶ್ರಾವಣದಲ್ಲಿ, ಬಾದಾಮಿಯ ಬಸ್ಸಿನಲ್ಲಿ,
ಮುಂದೆ ನಿಂತವಳ ಕುಪ್ಪಸದ ಬೆನ್ನಿಗೆ
ಕುಸುಬೆ, ಸಾಲು ಸಾಲು.
ಐದನೆಯ ಎಸಳಲ್ಲಿ ಒಂದು ಚೌಕ ತುಂಬಲು ಮರೆತಿದ್ದೆ.
ಅದೂ ಇತ್ತು.
ಪ್ರತಿ ಹೂವಿನಲ್ಲೂ ಇತ್ತು.
ಕಂಡಕ್ಟರ್ ಎರಡು ಸಲ ಕೇಳಿದ, ಎಲ್ಲಿಗೆ ಅಂತ.